ಬಿಸಿಯಾದ ಬಂಡಿಯ ಮುನಿಸು: ನಿದಾನವರಿತು ಚಿಕಿತ್ಸೆ



ರೋಗಗಳಲ್ಲಿ ಎರಡು ಬಗೆ. ವೈದ್ಯನ ಕಣ್ಣೆದುರಿನಲ್ಲಿಯೂ ತೋರಿಕೊಳ್ಳುವ ರೋಗ ಒಂದು. ವೈದ್ಯನ ಮನೆಯ ಹೊಸ್ತಿಲು ತುಳಿದೊಡನೆ ಅಡಗಿ ಕುಳಿತುಕೊಳ್ಳುವ ರೋಗ ಇನ್ನೊಂದು. ಮೊದಲನೆಯದಕ್ಕೆ ವೈದ್ಯನ ಜಾಣ್ಮೆಯೊಂದೇ ಸಾಕು. ಎರಡನೆಯದಕ್ಕೆ ರೋಗಿಯ ಸಮೀಪದವರ ಸಾಕ್ಷ್ಯವೂ ಬೇಕು. ಮೋಟಾರು ಬಂಡಿಗಳಲ್ಲಿಯೂ ಹೀಗೆ ಅಡಗುವ ರೋಗವೊಂದುಂಟು. ಮುಂಜಾನೆ ತಣ್ಣಗಿರುವಾಗ ಕೀಲಿ ತಿರುವಿದರೆ ಒಂದೇ ಸಲಕ್ಕೆ ಎದ್ದು ನಿಲ್ಲುವ ಕಾರು, ನಲವತ್ತು ಕಿಲೋಮೀಟರು ಓಡಿ, ಲಗ್ನದ ಮನೆಯ ಮುಂದೆಯೋ ಪೆಟ್ರೋಲ್ ಬಂಕಿನಲ್ಲಿಯೋ ಆಸ್ಪತ್ರೆಯ ಬಾಗಿಲಲ್ಲಿಯೋ ಇಪ್ಪತ್ತು ನಿಮಿಷ ವಿಶ್ರಮಿಸಿ, ಮರಳಿ ಹೊರಡೆಂದರೆ ಒಲ್ಲೆನೆನ್ನುತ್ತದೆ. ಮನೆಮಂದಿಯೆಲ್ಲ ಇಳಿದು ತಳ್ಳಿದರೂ ಕೇಳುವುದಿಲ್ಲ. ಬಳಿಕ ಗ್ಯಾರೇಜಿಗೆ ಎಳೆದೊಯ್ಯುವಷ್ಟರಲ್ಲಿ ಎಂಜಿನ್ನು ತಣಿದಿರುತ್ತದೆ. ಮೆಕ್ಯಾನಿಕ್ಕನು ಕೀಲಿ ತಿರುವಿದೊಡನೆ ಏನೂ ಅರಿಯದ ಮಗುವಿನಂತೆ ಹೊರಟುಬಿಡುತ್ತದೆ. ಆತನಾದರೂ ಏನು ಮಾಡಿಯಾನು? ತನ್ನ ಅನುಭವದಲ್ಲಿ ಹೆಚ್ಚಾಗಿ ಕೆಡುವ ಭಾಗ ಯಾವುದೋ ಅದನ್ನು ಬದಲಿಸಿ ಕಳುಹಿಸುತ್ತಾನೆ. ಮುಂದಿನ ಪ್ರಯಾಣದಲ್ಲಿ ಅದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಈ ತಿಂಗಳು ಈ ವಿಷಯವನ್ನೇ ಆಯ್ದುಕೊಂಡುದಕ್ಕೆ ಕಾರಣವಿದೆ. ಇಂದು ಹಳ್ಳಿಹಳ್ಳಿಯಲ್ಲಿಯೂ ಹಳೆಯ ಕಾರುಗಳನ್ನು ಕೊಂಡು ಸಂಸಾರ ಸಾಗಿಸುವವರಿದ್ದಾರೆ. ಅವರ ಪಾಲಿಗೆ ಬಂಡಿಯು ವೈಭವದ ವಸ್ತುವಲ್ಲ. ವೃದ್ಧ ತಂದೆತಾಯಿಗಳನ್ನು ಪಟ್ಟಣದ ವೈದ್ಯರ ಬಳಿಗೆ ಒಯ್ಯುವ ಆಸರೆ. ಆ ಆಸರೆಯು ದಾರಿಯ ನಡುವೆ ಕೈಕೊಡುವುದೆಂದರೆ ಹಣದ ಹಾನಿ ಮಾತ್ರವಲ್ಲ, ಜೀವದ ಭಯವೂ ಹೌದು. ನಾವು ಗುರುಕುಲದಲ್ಲಿ ಕಲಿತದ್ದು ತರ್ಕ, ವ್ಯಾಕರಣ ಮತ್ತು ಅಲ್ಪಸ್ವಲ್ಪ ಆಯುರ್ವೇದ. ಕೀಲುಯಂತ್ರದ ವಿದ್ಯೆ ತಿಳಿದುದು ಅನುಭವಿಗಳಾದ ಚಾಲಕರಿಂದ ಮತ್ತು ಮೇಸ್ತ್ರಿಗಳಿಂದ. ಆದರೆ ಕಾರಣವನ್ನು ಹುಡುಕುವ ದಾರಿಯು ಶರೀರಕ್ಕೂ ಯಂತ್ರಕ್ಕೂ ಒಂದೇ ಎಂಬುದು ವಿಚಾರ ಮಾಡಿದಷ್ಟೂ ದೃಢವಾಗುತ್ತದೆ.

ಆಯುರ್ವೇದದಲ್ಲಿ ರೋಗವನ್ನು ಅರಿಯಲು ಐದು ಸಾಧನಗಳನ್ನು ಹೇಳಿದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಉಪಶಯವೆಂಬುದು ಸೊಗಸಾದ ಉಪಾಯ. ಲಕ್ಷಣಗಳಿಂದ ರೋಗವು ಸ್ಪಷ್ಟವಾಗದಿದ್ದರೆ, ಯಾವುದರಿಂದ ಉಪಶಮನವಾಗುತ್ತದೆ ಎಂಬುದನ್ನು ನೋಡಿ ರೋಗವನ್ನು ನಿರ್ಣಯಿಸುವುದು. ತರ್ಕದಲ್ಲಿ ಇದಕ್ಕೆ ನೆರವಾಗುವುದು ಅನ್ವಯ-ವ್ಯತಿರೇಕ ನ್ಯಾಯ. ಯಾವುದು ಇದ್ದಾಗ ಕಾರ್ಯವು ಇರುತ್ತದೆಯೋ, ಯಾವುದು ಇಲ್ಲದಾಗ ಇರುವುದಿಲ್ಲವೋ, ಅದನ್ನು ಕಾರಣವೆಂದು ಶಂಕಿಸಬೇಕು. ಬಿಸಿಯಾದ ಬಂಡಿಯ ಮುನಿಸಿಗೆ ಇವೆರಡಕ್ಕಿಂತ ಮಿಗಿಲಾದ ಮದ್ದಿಲ್ಲ.

ಮೊದಲು ಬಿಸಿಯ ಸ್ವಭಾವವನ್ನು ಅರಿಯೋಣ. ಓಡುತ್ತಿರುವ ಎಂಜಿನ್ನಿನೊಳಗಿನ ನೀರು ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರುತ್ತದೆ. ಓಡುವಾಗ ಫ್ಯಾನು, ನೀರಿನ ಪಂಪು ಮತ್ತು ಎದುರುಗಾಳಿ ಸೇರಿ ಬಿಸಿಯನ್ನು ಹೊರಗೆ ಸಾಗಿಸುತ್ತಿರುತ್ತವೆ. ಕೀಲಿ ತಿರುಗಿಸಿ ನಿಲ್ಲಿಸಿದೊಡನೆ ನೀರಿನ ಹರಿವು ನಿಲ್ಲುತ್ತದೆ, ಗಾಳಿ ನಿಲ್ಲುತ್ತದೆ. ಆದರೆ ಕಾದ ಕಬ್ಬಿಣ ಕಾದೇ ಇರುತ್ತದೆ. ಆ ಬಿಸಿಯು ಸುತ್ತಲಿನ ಪೆಟ್ರೋಲ್ ಪಂಪು, ಕಾರ್ಬುರೇಟರು, ಕೊಳವೆ, ಕಾಯಿಲು, ತಂತಿಗಳಿಗೆಲ್ಲ ನಿಧಾನವಾಗಿ ಹರಿಯುತ್ತದೆ. ಆದಕಾರಣ ಬಂಡಿ ನಿಂತ ಹತ್ತರಿಂದ ಮೂವತ್ತು ನಿಮಿಷಗಳ ಅವಧಿಯಲ್ಲಿ ಬಾನೆಟ್ಟಿನ ಕೆಳಗಿನ ಅನೇಕ ಭಾಗಗಳು ಓಡುವಾಗ ಇದ್ದುದಕ್ಕಿಂತ ಹೆಚ್ಚು ಬಿಸಿಯಾಗಿರುತ್ತವೆ. ಒಲೆಯಿಂದ ಇಳಿಸಿದ ಮೇಲೆಯೂ ಹಂಚಿನ ಮೇಲಿನ ರೊಟ್ಟಿ ಸೀಯುವಂತೆ. ಎರಡೇ ನಿಮಿಷ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಹೊರಡುವ ಬಂಡಿ ಇಪ್ಪತ್ತು ನಿಮಿಷಕ್ಕೆ ಹೊರಡದು, ಎರಡು ಗಂಟೆ ಬಿಟ್ಟರೆ ಮತ್ತೆ ಹೊರಡುವುದು ಎಂಬ ವಿಚಿತ್ರದ ಗುಟ್ಟು ಇಲ್ಲಿದೆ. ಈ ಕಾಲದ ಲೆಕ್ಕವೇ ನಿದಾನದ ಮೊದಲ ಸಾಕ್ಷಿ.

ಇನ್ನು ಪರೀಕ್ಷೆ. ಹೊರಡದಿರುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಸೆಲ್ಫ್ ಹೊಡೆದಾಗ ಎಂಜಿನ್ನು ಎಂದಿನ ವೇಗದಲ್ಲಿ ತಿರುಗುತ್ತಿದೆಯೋ, ಇಲ್ಲವೋ? ಇದೊಂದೇ ಪ್ರಶ್ನೆಯಿಂದ ಅರ್ಧ ಕಾಡು ಕಡಿದಂತಾಗುತ್ತದೆ.

ಎಂಜಿನ್ನು ನರಳುತ್ತ ಮೆಲ್ಲಗೆ ತಿರುಗಿದರೆ, ಇಲ್ಲವೆ ಟಕ್ಕೆಂಬ ಸದ್ದು ಮಾತ್ರ ಬಂದರೆ, ಪೆಟ್ರೋಲಿನ ದಾರಿಯನ್ನು ಶೋಧಿಸಿ ಫಲವಿಲ್ಲ. ದೋಷವು ಬ್ಯಾಟರಿ, ತಂತಿ, ಸೆಲ್ಫ್ ಮೋಟಾರು ಈ ಮೂರರಲ್ಲಿದೆ. ತಾಮ್ರದ ತಂತಿಯು ಬಿಸಿಯಾದಷ್ಟೂ ವಿದ್ಯುತ್ತಿಗೆ ಒಡ್ಡುವ ತಡೆ ಹೆಚ್ಚುತ್ತದೆ. ಪ್ರತಿ ಡಿಗ್ರಿಗೆ ಸುಮಾರು ನೂರಕ್ಕೆ 0.4 ಪಾಲಿನಂತೆ. ಅರುವತ್ತು ಡಿಗ್ರಿ ಬಿಸಿಯೇರಿದರೆ ತಡೆಯು ಹೆಚ್ಚುಕಡಿಮೆ ಕಾಲುಭಾಗದಷ್ಟು ಏರಿತೆಂದಾಯಿತು. ಹೊಸ ಮೋಟಾರು ಇದನ್ನು ತಾಳಿಕೊಳ್ಳುತ್ತದೆ. ಬುಷ್ಷು ಸವೆದ, ಕಾರ್ಬನ್ ತೇದ, ಸೈಲೆನ್ಸರ್ ಕೊಳವೆಯ ಮಗ್ಗುಲಲ್ಲಿಯೇ ಕುಳಿತ ಹಳೆಯ ಮೋಟಾರು ತಾಳಲಾರದು. ಆದರೆ ಮೋಟಾರು ಬಿಚ್ಚಿಸುವ ಮುನ್ನ ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಕಿಲುಬು ಕಟ್ಟಿದೆಯೇ, ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥಿಂಗ್ ಪಟ್ಟಿ ಸಡಿಲವಾಗಿದೆಯೇ ಎಂದು ನೋಡಬೇಕು. ಚೆನ್ನಾಗಿ ತುಂಬಿದ ಬ್ಯಾಟರಿಯು ಸುಮ್ಮನಿರುವಾಗ 12.6 ವೋಲ್ಟಿನಷ್ಟು ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗಲೂ ಅದು ಹತ್ತರ ಆಸುಪಾಸಿನಲ್ಲಿ ನಿಂತು, ಎಂಜಿನ್ನು ಮಾತ್ರ ತೆವಳಿದರೆ ದೋಷವು ತಂತಿಯಲ್ಲಿಯೋ ಮೋಟಾರಿನಲ್ಲಿಯೋ ಇರುತ್ತದೆ. ಬ್ಯಾಟರಿಯೇ ಕುಸಿದರೆ ಮೊದಲು ಅದನ್ನು ಶಂಕಿಸಬೇಕು.

ಎಂಜಿನ್ನು ಬಿರುಸಾಗಿಯೇ ತಿರುಗಿ ಹೊತ್ತಿಕೊಳ್ಳದಿದ್ದರೆ ಮೂರು ಸಾಧ್ಯತೆಗಳುಳಿಯುತ್ತವೆ: ಪೆಟ್ರೋಲು ಸಾಲದು, ಪೆಟ್ರೋಲು ಹೆಚ್ಚಾಯಿತು, ಇಲ್ಲವೆ ಕಿಡಿ ಹಾರುತ್ತಿಲ್ಲ. ನೋಡಿರಿ, ಮೊದಲೆರಡು ಪರಸ್ಪರ ವಿರುದ್ಧವಾದರೂ ಹೊರಗಿನ ಲಕ್ಷಣ ಒಂದೇ! ಉಪವಾಸದಿಂದಲೂ ಅಜೀರ್ಣದಿಂದಲೂ ಮನುಷ್ಯನು ಹಾಸಿಗೆ ಹಿಡಿಯುವಂತೆ. ಎರಡಕ್ಕೂ ಒಂದೇ ಔಷಧ ಕೊಟ್ಟರೆ ಗತಿಯೇನು?

ಪೆಟ್ರೋಲು ಒಂದೇ ವಸ್ತುವಲ್ಲ. ಹಲವು ದ್ರವಗಳ ಮಿಶ್ರಣ. ಅದರ ಹಗುರವಾದ ಅಂಶಗಳು 35 ಡಿಗ್ರಿಯ ಸುಮಾರಿಗೇ ಕುದಿಯತೊಡಗುತ್ತವೆ, ಭಾರವಾದವು 200 ಡಿಗ್ರಿಯವರೆಗೂ ತಾಳುತ್ತವೆ. ಹಿಂದಿನ ಅಂಬಾಸಿಡರ್, ಪದ್ಮಿನಿ, ಮೊದಲ ತಲೆಮಾರಿನ ಮಾರುತಿ 800 ಮುಂತಾದ ಕಾರ್ಬುರೇಟರ್ ಬಂಡಿಗಳಲ್ಲಿ ಪೆಟ್ರೋಲನ್ನು ಹೀರುವ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ನಿಂತ ಬಂಡಿಯ ಬಿಸಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾದರೆ ಪಂಪು ದ್ರವವನ್ನು ಬಿಟ್ಟು ಆವಿಯನ್ನೇ ಹಿಂಡುತ್ತ ಕೂರುತ್ತದೆ. ಕಾರ್ಬುರೇಟರಿಗೆ ಏನೂ ತಲುಪದು. ಇದು ಉಪವಾಸ. ಘಟ್ಟ ಹತ್ತುವಾಗ ಇದು ಇನ್ನೂ ಹೆಚ್ಚು. ಕೆಳ ಗೇರಿನಲ್ಲಿ ಎಂಜಿನ್ನು ದುಡಿದು ಕಾಯುತ್ತದೆ, ಎದುರುಗಾಳಿ ಕಡಿಮೆ, ಎತ್ತರಕ್ಕೇರಿದಂತೆ ವಾಯುವಿನ ಒತ್ತಡ ಇಳಿದು ದ್ರವಗಳು ಬೇಗ ಕುದಿಯುತ್ತವೆ. ಅಂಬಾಸಿಡರಿನ ಹಳೆಯ ಚಾಲಕರು ಘಟ್ಟದ ತುದಿಯಲ್ಲಿ ಬಂಡಿ ನಿಲ್ಲಿಸಿ, ಬಾನೆಟ್ಟು ತೆರೆದು, ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸುತ್ತಿದ್ದುದನ್ನು ಹಿರಿಯ ವಾಚಕರು ಕಂಡಿರಬಹುದು. ಅವರು ಉಪಶಯದ ಹೆಸರು ಕೇಳಿರಲಿಕ್ಕಿಲ್ಲ. ಆಚರಿಸುತ್ತಿದ್ದುದು ಮಾತ್ರ ಅದನ್ನೇ. ಪಂಪನ್ನು ತಣಿಸಿದೊಡನೆ ಬಂಡಿ ಹೊರಟರೆ ರೋಗವೂ ತಿಳಿಯಿತು, ತಾತ್ಕಾಲಿಕ ಉಪಶಮನವೂ ಆಯಿತು.

ಅದೇ ಬಿಸಿಗೆ ಕಾರ್ಬುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲು ಹಾಲಿನಂತೆ ಉಕ್ಕಿ ಎಂಜಿನ್ನಿನೊಳಕ್ಕೆ ಸುರಿದರೆ ಅದು ಅಜೀರ್ಣ. ಮೇಸ್ತ್ರಿಗಳು ಇದನ್ನು ಓವರ್‌ಫ್ಲೋ ಎನ್ನುತ್ತಾರೆ. ಇದರ ಗುರುತು ಘಾಟು. ಬಾನೆಟ್ಟು ತೆರೆದರೆ ಪೆಟ್ರೋಲಿನ ವಾಸನೆ ಮೂಗಿಗೆ ಅಡರುತ್ತದೆ, ಪ್ಲಗ್ಗು ಬಿಚ್ಚಿದರೆ ಒದ್ದೆಯಾಗಿರುತ್ತದೆ, ಕೊನೆಗೆ ಹೊರಟಾಗ ಕಪ್ಪು ಹೊಗೆ ಉಗುಳುತ್ತದೆ. ಈ ಸ್ಥಿತಿಯಲ್ಲಿ ಚೋಕ್ ಎಳೆಯುವುದು ಹೊಟ್ಟೆ ಬಿರಿಯ ಉಂಡವನಿಗೆ ಹೋಳಿಗೆ ಬಡಿಸಿದಂತೆ. ಆಕ್ಸಿಲರೇಟರನ್ನು ಪದೇ ಪದೇ ತುಳಿಯದೆ, ಒಮ್ಮೆ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಗಾಳಿ ಹೆಚ್ಚಾಗಿ ನುಗ್ಗಿ ಒಳಗಿನ ಹಸಿ ಆರುತ್ತದೆ. ಇದರಿಂದ ಹೊರಟರೆ ಅಜೀರ್ಣವೇ ಸರಿ ಎಂದು ತಿಳಿಯಬೇಕು.

2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ನಮ್ಮ ದೇಶದ ಹೊಸ ಕಾರುಗಳಲ್ಲಿ ಕಾರ್ಬುರೇಟರು ಮರೆಯಾಗಿ ಇಂಜೆಕ್ಷನ್ ಪದ್ಧತಿ ನೆಲೆಗೊಂಡಿತು. ಪಂಪು ಟ್ಯಾಂಕಿನೊಳಕ್ಕೆ ಸೇರಿತು, ಒತ್ತಡ ಹೆಚ್ಚಿತು, ಪೆಟ್ರೋಲು ಕುದಿಯುವ ಕಾಟ ಬಹಳಷ್ಟು ತಗ್ಗಿತು. ಆದರೆ ಉಪವಾಸವೂ ಅಜೀರ್ಣವೂ ವೇಷ ಬದಲಿಸಿ ಉಳಿದುಕೊಂಡವು. ಬಂಡಿ ನಿಂತ ಮೇಲೂ ಕೊಳವೆಯಲ್ಲಿ ಒತ್ತಡವನ್ನು ಹಿಡಿದಿಡುವ ಚಿಕ್ಕ ಕವಾಟವೊಂದು ಪಂಪಿನಲ್ಲಿದೆ. ಅದು ಸೋರಿದರೆ ಒತ್ತಡ ಇಳಿದು ಬಿಸಿ ಕೊಳವೆಯಲ್ಲಿ ಆವಿ ತುಂಬುತ್ತದೆ. ಬಹಳ ಹೊತ್ತು ಸೆಲ್ಫ್ ಹೊಡೆದ ಬಳಿಕವೇ ಹೊರಡುತ್ತದೆ. ಇದಕ್ಕೊಂದು ಸುಲಭವಾದ ಉಪಶಯವುಂಟು. ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ ಎರಡು ಮೂರು ಸೆಕೆಂಡು ಬಿಡಿರಿ; ಹಿಂದಿನ ಸೀಟಿನ ಕಡೆಯಿಂದ ಪಂಪಿನ ಸಣ್ಣ ಗುಂಯ್‌ಗುಟ್ಟುವಿಕೆ ಕೇಳಿ ನಿಲ್ಲುತ್ತದೆ. ಆಫ್ ಮಾಡಿ, ಹೀಗೆ ಎರಡು ಮೂರು ಬಾರಿ ಮಾಡಿದ ಬಳಿಕ ಸೆಲ್ಫ್ ಹೊಡೆದಾಗ ಥಟ್ಟನೆ ಹೊರಟರೆ ಒತ್ತಡದ ಸೋರಿಕೆಯನ್ನೇ ಶಂಕಿಸಬೇಕು. ಹಾಗಲ್ಲದೆ, ಆಕ್ಸಿಲರೇಟರು ಪೂರ್ತಿ ಒತ್ತಿದಾಗ ಮಾತ್ರ ಕಪ್ಪು ಹೊಗೆಯೊಡನೆ ಹೊರಟರೆ ಪೆಟ್ರೋಲು ಹೆಚ್ಚಾಗಿದೆಯೆಂದು ಅರ್ಥ. ಸೋರುವ ಇಂಜೆಕ್ಟರೋ, ನೀರಿನ ಬಿಸಿಯನ್ನು ಅಳೆದು ಕಂಪ್ಯೂಟರಿಗೆ ವರದಿಯೊಪ್ಪಿಸುವ ಸೆನ್ಸರೋ ಕಾರಣವಾಗಿರಬಹುದು. ಪೆಟ್ರೋಲು ತುಂಬಿಸಿದ ಬೆನ್ನಿಗೇ ಈ ತೊಂದರೆ ಬರುತ್ತಿದ್ದರೆ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಕಳುಹಿಸುವ ಪರ್ಜ್ ವಾಲ್ವು ಮುಚ್ಚಿಕೊಳ್ಳದೆ ತೆರೆದೇ ಉಳಿದಿದೆಯೇ ಎಂದು ನೋಡಿಸಬೇಕು.

ಮೂರನೆಯದು ಕಿಡಿಯ ಅಭಾವ. ಪೆಟ್ರೋಲಿನ ವಿಷಯದಲ್ಲಿ ಯಾವ ಉಪಶಯವೂ ಫಲಿಸದೆ, ಬಂಡಿಯು ತಾನಾಗಿ ತಣಿದಾಗ ಮಾತ್ರ ಹೊರಡುತ್ತಿದ್ದರೆ ವಿದ್ಯುತ್ತಿನ ಅಂಗಗಳನ್ನು ನೋಡಬೇಕು. ಹಳೆಯ ಬಂಡಿಗಳಲ್ಲಿ ಕಾಯಿಲು ಮತ್ತು ಕಂಡೆನ್ಸರು. ಹೊಸವುಗಳಲ್ಲಿ ಕ್ರ್ಯಾಂಕ್ ಸೆನ್ಸರು. ಇವುಗಳೊಳಗಿನ ಕೂದಲೆಳೆಯ ತಂತಿಯಲ್ಲಿ ಬಿರುಕು ಬಿಟ್ಟಿದ್ದರೆ, ಬಿಸಿಗೆ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಕ್ರ್ಯಾಂಕ್ ಸೆನ್ಸರು ಮೌನವಾದರೆ ಕಂಪ್ಯೂಟರಿಗೆ ಎಂಜಿನ್ನು ತಿರುಗುತ್ತಿರುವುದೇ ತಿಳಿಯದು. ಕಿಡಿಯನ್ನೂ ಕೊಡದು, ಪೆಟ್ರೋಲನ್ನೂ ಸಿಂಪಡಿಸದು. ಸೆಲ್ಫ್ ಹೊಡೆಯುವಾಗ ಎಂಜಿನ್ ವೇಗ ತೋರಿಸುವ ಮುಳ್ಳು ಅಲುಗಾಡದೆ ಸೊನ್ನೆಯಲ್ಲಿಯೇ ಇದ್ದರೆ ಅನೇಕ ಕಾರುಗಳಲ್ಲಿ ಅದು ಇದರ ಸುಳಿವು. ಈ ದೋಷವನ್ನು ತಡಮಾಡದೆ ಸರಿಪಡಿಸಬೇಕು. ಇಂದು ನಿಂತಲ್ಲಿ ಹೊರಡದ ಬಂಡಿ ನಾಳೆ ಓಡುತ್ತಿರುವಾಗಲೇ ಹೆದ್ದಾರಿಯಲ್ಲಿಯೋ ರೈಲ್ವೆ ಗೇಟಿನ ಹಳಿಗಳ ಮೇಲೆಯೋ ನಿಂತೀತು.

ನಮ್ಮ ಪರಿಚಯದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಅವರ ಮಡದಿಗೆ ವಾರಕ್ಕೆರಡು ಬಾರಿ ಪಟ್ಟಣದಲ್ಲಿ ಡಯಾಲಿಸಿಸ್. ಅವರ ಹಳೆಯ ಇಂಜೆಕ್ಷನ್ ಕಾರು ಹೋಗುವಾಗ ನೆಟ್ಟಗಿದ್ದು, ದಾರಿಯಲ್ಲಿ ಔಷಧದ ಅಂಗಡಿಗೋ ಚಹಕ್ಕೋ ನಿಲ್ಲಿಸಿದರೆ ಹಟ ಹಿಡಿಯುತ್ತಿತ್ತು. ಬ್ಯಾಟರಿ ಹೊಸದಾಯಿತು, ಪ್ಲಗ್ಗುಗಳು ಹೊಸದಾದವು, ಕಾಯಿಲು ಹೊಸದಾಯಿತು; ಹಟ ಹೊಸದಾಗಲಿಲ್ಲ, ಹಳೆಯದೇ ಉಳಿಯಿತು. ಆಗ ಅವರ ಸೊಸೆ ಒಂದು ನೋಟುಪುಸ್ತಕವನ್ನು ಕಾರಿನಲ್ಲಿಟ್ಟಳು. ಎಷ್ಟು ದೂರ ಓಡಿತು, ಎಷ್ಟು ನಿಮಿಷ ನಿಂತಿತು, ಸೆಲ್ಫ್ ಹೇಗೆ ತಿರುಗಿತು, ಹೇಗೆ ಹೊರಟಿತು ಎಂಬ ನಾಲ್ಕು ಕಲಮುಗಳು. ಮೂರು ವಾರಗಳಲ್ಲಿ ಚಿತ್ರವು ನಿಚ್ಚಳವಾಯಿತು. ಹದಿನೈದರಿಂದ ನಲವತ್ತು ನಿಮಿಷದ ನಿಲುಗಡೆಯಲ್ಲಿ ಮಾತ್ರ ತೊಂದರೆ, ಸೆಲ್ಫ್ ಬಿರುಸು, ಪೆಟ್ರೋಲಿನ ಘಾಟು, ಆಕ್ಸಿಲರೇಟರು ಒತ್ತಿ ಹಿಡಿದರೆ ಕಪ್ಪು ಹೊಗೆಯೊಡನೆ ಆರಂಭ. ಆ ಹಾಳೆಯನ್ನು ಓದಿದ ಮೆಕ್ಯಾನಿಕ್ಕನು ಬೇರೇನನ್ನೂ ಬಿಚ್ಚದೆ, ಎಂಜಿನ್ನು ಬಿಸಿಯಿರುವಾಗಲೇ ಸ್ಕ್ಯಾನರ್ ಜೋಡಿಸಿ ನೋಡಿದನು. ಮುಟ್ಟಿದರೆ ಕೈ ಸುಡುವ ಎಂಜಿನ್ನನ್ನು ಕಂಪ್ಯೂಟರು 40 ಡಿಗ್ರಿಯೆಂದು ತಿಳಿದಿತ್ತು! ನೀರಿನ ಸೆನ್ಸರಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟಿತ್ತು, ಅಷ್ಟೆ.

ಇದರ ತರ್ಕ ರಮ್ಯವಾಗಿದೆ. ಆ ಸೆನ್ಸರಿನ ತಡೆಯು ತಣ್ಣಗಿರುವಾಗ ಎರಡು ಮೂರು ಸಾವಿರ ಓಮ್‌ನಷ್ಟಿದ್ದು, ಬಿಸಿಯಾದಾಗ ಕೆಲವು ನೂರಕ್ಕೆ ಇಳಿಯುತ್ತದೆ. ಕಿಲುಬು ಅದಕ್ಕೆ ಸಾವಿರದಷ್ಟು ಕೂಡಿಸಿತೆನ್ನಿರಿ. ಮುಂಜಾನೆಯ ದೊಡ್ಡ ಮೊತ್ತದಲ್ಲಿ ಆ ಸುಳ್ಳು ಹೆಚ್ಚು ಕೆಡುಕು ಮಾಡದು. ಬಿಸಿಯ ಚಿಕ್ಕ ಮೊತ್ತದಲ್ಲಿ ಅದೇ ಸುಳ್ಳು ಸತ್ಯವನ್ನು ನುಂಗಿಹಾಕುತ್ತದೆ. ಎಂಜಿನ್ನು ತಣ್ಣಗಿದೆಯೆಂದು ನಂಬಿದ ಕಂಪ್ಯೂಟರು ಕರುಣೆಯಿಂದ ಹೆಚ್ಚು ಪೆಟ್ರೋಲು ಉಣಿಸುತ್ತದೆ. ತಪ್ಪು ಕಂಪ್ಯೂಟರಿನದಲ್ಲ, ಸಾಕ್ಷಿಯದು. ಮೂರು ಹೊಸ ಬಿಡಿಭಾಗಗಳು ಮಾಡಲಾರದ ಕೆಲಸವನ್ನು ಒಂದು ಹಾಳೆಯ ಬರಹ ಮಾಡಿತು. ಆ ತಾಯಿಯ ಪ್ರಯಾಣ ಈಗ ನಿರಾತಂಕವಾಗಿದೆ.

ಡೀಸೆಲ್ ಬಂಡಿ ಮತ್ತು ಟ್ರ್ಯಾಕ್ಟರುಗಳ ಒಡೆಯರಿಗೂ ಎರಡು ಮಾತು. ಡೀಸೆಲು ಪೆಟ್ರೋಲಿನಂತೆ ಬೇಗ ಆವಿಯಾಗದು, ಆದರೆ ಬಿಸಿಯಾದಾಗ ತೆಳುವಾಗುತ್ತದೆ. ರೋಟರಿ ಮಾದರಿಯ ಇಂಜೆಕ್ಷನ್ ಪಂಪು ಸವೆದಿದ್ದರೆ ತೆಳುವಾದ ಎಣ್ಣೆ ಒಳಗೊಳಗೇ ನುಸುಳಿ, ಸೆಲ್ಫಿನ ನಿಧಾನಗತಿಯಲ್ಲಿ ಸಾಕಷ್ಟು ಒತ್ತಡ ಹುಟ್ಟುವುದಿಲ್ಲ. ಮಧ್ಯಾಹ್ನ ಉಳುಮೆ ನಿಲ್ಲಿಸಿ ಬುತ್ತಿ ಬಿಚ್ಚಿದ ರೈತನ ಟ್ರ್ಯಾಕ್ಟರು ಮತ್ತೆ ಹೊರಡದಿರುವುದು ಬಹಳ ಸಲ ಇದರಿಂದಲೇ. ಪಂಪಿಗೆ ಒದ್ದೆ ಗೋಣಿ ಸುತ್ತಿ ತಣಿಸಿದಾಗ ಹೊರಟರೆ ಪಂಪು ಸವೆದಿದೆ ಎಂದು ತಿಳಿಯಬೇಕು. ಕಾಮನ್ ರೇಲ್ ಪದ್ಧತಿಯ ಹೊಸ ಡೀಸೆಲ್ ಕಾರುಗಳಲ್ಲಿ ಸವೆದ ಇಂಜೆಕ್ಟರುಗಳು ಎಣ್ಣೆಯನ್ನು ಹಿಂದಕ್ಕೆ ಬಿಡುವುದರಿಂದ ಇದೇ ಬಗೆಯ ತೊಂದರೆ ಬರುತ್ತದೆ. ಆ ಹಿಮ್ಮರಳುವ ಎಣ್ಣೆಯನ್ನು ಅಳೆಯಿಸಿ ನೋಡಬೇಕು.

ಕಾರ್ಬುರೇಟರ್ ಬಂಡಿಗಳನ್ನು ಇನ್ನೂ ಕಾಪಾಡಿಕೊಂಡಿರುವವರಿಗೆ ಮತ್ತೊಂದು ಎಚ್ಚರಿಕೆ. 2023ರಿಂದ ನಮ್ಮ ಬಂಕುಗಳಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಎಥನಾಲ್ ತಾನೊಂದೇ ಇದ್ದಾಗ 78 ಡಿಗ್ರಿಯಲ್ಲಿ ಕುದಿಯುತ್ತದೆ. ಪೆಟ್ರೋಲಿನೊಡನೆ ಕೂಡಿದಾಗ ಮಿಶ್ರಣದ ದೊಡ್ಡ ಭಾಗವೊಂದು ಮೊದಲಿಗಿಂತ ಬೇಗ ಆವಿಯಾಗುತ್ತದೆ. ಹಳೆಯ ಕಾಲದ ರಬ್ಬರು ಕೊಳವೆಗಳೂ ಪಂಪಿನ ಪೊರೆಗಳೂ ಅದಕ್ಕೆ ಒಗ್ಗಿದವಲ್ಲ. ಬಿರುಕು, ಜಿನುಗು ಇದೆಯೇ ಎಂದು ಆಗಾಗ ನೋಡುತ್ತಿರಬೇಕು.

ಪರೀಕ್ಷೆಯ ಉತ್ಸಾಹದಲ್ಲಿ ಅಪಾಯ ತಂದುಕೊಳ್ಳಬಾರದು. ಪೆಟ್ರೋಲಿನ ಘಾಟಿದ್ದಾಗ ಬೆಂಕಿ, ಬೀಡಿ, ಕಿಡಿಯ ಪರೀಕ್ಷೆ ಯಾವುದೂ ಸಲ್ಲದು. ಇಂಜೆಕ್ಷನ್ ಕಾರಿನ ಕಿಡಿಯನ್ನು ಮನೆಯವರು ಪರೀಕ್ಷಿಸಲೇಬಾರದು. ಅಲ್ಲಿನ ವಿದ್ಯುತ್ತು ಹತ್ತಾರು ಸಾವಿರ ವೋಲ್ಟಿನದು. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬೇಡಿರಿ. ತಣಿಸಲು ಒದ್ದೆ ಬಟ್ಟೆ ಸಾಕು, ಕೊಡದಿಂದ ನೀರು ಸುರಿಯಬೇಡಿರಿ. ಕಾದ ಲೋಹ ಬಿರಿಯಬಹುದು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಒಂದು ನಿಮಿಷ ಬಿಡಿರಿ.

ಇಷ್ಟೆಲ್ಲ ಹೇಳಿದುದು ವಾಚಕರು ಸ್ಪ್ಯಾನರು ಹಿಡಿಯಲೆಂದಲ್ಲ. ರಿಪೇರಿ ಮೆಕ್ಯಾನಿಕ್ಕನ ವಿದ್ಯೆ. ಸಾಕ್ಷ್ಯ ನಮ್ಮ ಹೊಣೆ. "ಸ್ಟಾರ್ಟ್ ಆಗ್ತಿಲ್ಲ" ಎಂಬ ಎರಡು ಮಾತಿನ ದೂರಿನಿಂದ ಯಾವ ಕುಶಲನೂ ನಿರ್ಣಯಕ್ಕೆ ಬರಲಾರನು. ಎಷ್ಟು ಹೊತ್ತು ನಿಂತ ಮೇಲೆ, ಸೆಲ್ಫ್ ಹೇಗೆ ತಿರುಗುವಾಗ, ಘಾಟಿತ್ತೋ ಇಲ್ಲವೋ, ಯಾವ ಉಪಾಯದಿಂದ ಹೊರಟಿತು ಎಂಬ ನಾಲ್ಕು ಸಂಗತಿಗಳನ್ನು ಬರೆದು ಕೊಡಿರಿ. ಸಾಧ್ಯವಾದರೆ ಬಂಡಿಯನ್ನು ಬೆಳಿಗ್ಗೆಯೇ ಗ್ಯಾರೇಜಿನಲ್ಲಿ ಬಿಟ್ಟು ಬರುವ ಬದಲು, ಓಡಿಸಿಕೊಂಡು ಹೋಗಿ, ಅಲ್ಲಿಯೇ ಇಪ್ಪತ್ತು ನಿಮಿಷ ನಿಲ್ಲಿಸಿ, ಮೆಕ್ಯಾನಿಕ್ಕನ ಎದುರಿಗೇ ಕೀಲಿ ತಿರುಗಿಸಿರಿ. ಅಡಗುವ ರೋಗವನ್ನು ಅದು ಅಡಗದ ಹೊತ್ತಿನಲ್ಲಿಯೇ ಹಿಡಿಯಬೇಕು. ಒಂದು ಭಾಗ ಬದಲಿಸಿದ ಮೇಲೆ ಅದೇ ಬಿಸಿಯಲ್ಲಿ, ಅದೇ ನಿಲುಗಡೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಿದ ಹೊರತು ವಾಸಿಯಾಯಿತೆಂದು ಒಪ್ಪಬೇಡಿರಿ. ತಣ್ಣಗಿನ ಎಂಜಿನ್ನು ಹೊರಟಿತೆಂಬುದು ಯಾವುದಕ್ಕೂ ಪ್ರಮಾಣವಲ್ಲ. ನಿದಾನ ನಿಧಾನವಾಗಿಯೇ ಆಗಲಿ. ಸರಿಯಾದ ನಿದಾನಕ್ಕೆ ವ್ಯಯಿಸಿದ ಒಂದು ಗಂಟೆ, ತಪ್ಪು ಚಿಕಿತ್ಸೆಗೆ ಸುರಿದ ಸಾವಿರಾರು ರೂಪಾಯಿಗಿಂತ ಹೆಚ್ಚು ಬಾಳುತ್ತದೆ.